ಒಂದೇ ನಾಟಕ, ಇಪ್ಪತ್ತು ಊರು

ಪ್ರಶ್ನೆ: ಸರ್, ನನಗೆ 29 ವರ್ಷ. ತಿಪಟೂರಿನ ಹತ್ತಿರ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಎಂಟು ವರ್ಷದಿಂದ ನಮ್ಮ ಹವ್ಯಾಸಿ ತಂಡದಲ್ಲಿ ಪಾರ್ಟು ಮಾಡುತ್ತಿದ್ದೇನೆ. ನಮಗೆ ನಾಟಕ ಕಲಿಸುತ್ತಿದ್ದ ಹಿರಿಯರು ಆರೋಗ್ಯ ಸರಿಯಿಲ್ಲದೆ ಮನೆಯಲ್ಲಿದ್ದಾರೆ. ಈ ವರ್ಷ ನೀನೇ ನಿರ್ದೇಶನ ಮಾಡು, ಮುಖ್ಯ ಪಾತ್ರವೂ ನಿನ್ನದೇ ಇರಲಿ ಎಂದು ತಂಡದವರು ಪಟ್ಟು ಹಿಡಿದಿದ್ದಾರೆ. ಎರಡೂ ಒಟ್ಟಿಗೆ ಆಗುತ್ತಾ? ನಾನು ಎಲ್ಲೂ ತರಬೇತಿ ಪಡೆದವನಲ್ಲ. ಒಮ್ಮೊಮ್ಮೆ ಕೆಲಸ ಬಿಟ್ಟು ಬೆಂಗಳೂರಿಗೆ ಬಂದುಬಿಡೋಣ ಅನಿಸುತ್ತೆ. ಊರಲ್ಲೇ ಇದ್ದು ರಂಗಭೂಮಿಯಲ್ಲಿ ಏನಾದರೂ ಮಾಡಬಹುದಾ?

ಉತ್ತರ: ನಿರ್ದೇಶನ ಒಪ್ಪಿಕೊಳ್ಳಿ. ಪಾತ್ರ ಬೇಡ. ಮುಖ್ಯ ಪಾತ್ರ ಅಂತಲ್ಲ, ಈ ಸಲ ಯಾವ ಪಾತ್ರವೂ ಬೇಡ.

ಇದನ್ನು ಪೆಟ್ಟು ತಿಂದು ಕಲಿತಿದ್ದೇನೆ. ನನ್ನ ಮೊದಲ ನಿರ್ದೇಶನದ ನಾಟಕದಲ್ಲಿ ನಾಯಕನೂ ನಾನೇ ಆಗಿದ್ದೆ. ಹೆಂಡತಿ ಒಂದು ಕಾಗದ ಓದಿ, ಗಂಡನಿಗೆ ಏನೂ ಹೇಳದೆ ಮಡಚಿ ಇಡುವ ದೃಶ್ಯ ಇತ್ತು. ಆ ಪಾತ್ರ ಮಾಡಿದ ಹುಡುಗಿ ತುಂಬಾ ಚೆನ್ನಾಗಿ ಮಾಡುತ್ತಿದ್ದಳು. ಒಂದೂವರೆ ತಿಂಗಳ ರಿಹರ್ಸಲ್‌ನಲ್ಲಿ ದಿನಾ ಅವಳ ಮುಖ ನೋಡಿ ಖುಷಿಪಟ್ಟಿದ್ದೆ. ಎಲ್ಲಿಂದ ನೋಡಿದ್ದೆ? ಮೂರಡಿ ದೂರದಿಂದ, ಅವಳ ಎದುರು ನಿಂತು. ಪ್ರದರ್ಶನದ ದಿನ ಲೈಟು ಹಾಕಿದ ಮೇಲೆ ಗೊತ್ತಾಯಿತು, ಅವಳು ನಿಂತ ಜಾಗಕ್ಕೆ ಬೆಳಕೇ ಬೀಳುತ್ತಿಲ್ಲ. ಸಾಲದ್ದಕ್ಕೆ ನನ್ನ ಭುಜ ಅವಳನ್ನು ಅರ್ಧ ಮುಚ್ಚಿತ್ತು. ನಾನು ಗಂಡನ ಪಾತ್ರದಲ್ಲಿ ಇದ್ದುಕೊಂಡೇ ಮೆಲ್ಲಗೆ 'ಎರಡು ಹೆಜ್ಜೆ ಮುಂದೆ ಬಾ' ಅಂದೆ. ಅವಳು ಗಾಬರಿಯಾಗಿ ಕಾಗದ ಕೈಬಿಟ್ಟಳು. ಮುಂದಿನ ಮಾತೂ ಮರೆತಳು. ಆ ದೃಶ್ಯ ಅಲ್ಲಿಗೆ ಸತ್ತಿತು. ನಾಟಕ ಮುಗಿದ ಮೇಲೆ ಅವಳು ಗ್ರೀನ್ ರೂಮಿನಲ್ಲಿ ಅಳುತ್ತಾ ಕ್ಷಮೆ ಕೇಳಿದಳು. ತಪ್ಪು ಪೂರ್ತಿ ನನ್ನದಾಗಿತ್ತು. ಹದಿನೈದನೇ ಸಾಲಿನಲ್ಲಿ ಕೂತು ನೋಡಬೇಕಾದವನು ರಂಗದ ಮೇಲೆ ನಿಂತಿದ್ದ.

ನಟ ಒಳಗಿನಿಂದ ನೋಡುತ್ತಾನೆ. ನಿರ್ದೇಶಕ ಹೊರಗಿನಿಂದ ನೋಡಬೇಕು. ಎರಡನ್ನೂ ಮಾಡಬಲ್ಲವರು ಇದ್ದಾರೆ, ಆದರೆ ಅವರಿಗೆ ಇದ್ದ ಅನುಕೂಲ ನಿಮಗಿಲ್ಲ. ನಿಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರನ್ನೇ ನೋಡಿ. ಕಂಪನಿಯ ಮಾಲೀಕರೂ ಅವರೇ, ಜನ ಮುಗಿಬಿದ್ದು ನೋಡುತ್ತಿದ್ದ ಹಾಸ್ಯನಟರೂ ಅವರೇ. ಮಾಸ್ಟರ್ ಹಿರಣ್ಣಯ್ಯನವರೂ ಹಾಗೇ, 'ಲಂಚಾವತಾರ' ಅಂದರೆ ಅವರು, ಅವರು ಅಂದರೆ 'ಲಂಚಾವತಾರ'. ಆದರೆ ಅದು ಕಂಪನಿ ನಾಟಕ. ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ. ಅದೇ ನಟರು, ಅದೇ ನಾಟಕ, ರಾತ್ರಿ ಆಟ ಮೇಲೆ ಆಟ. ಇವತ್ತು ತಪ್ಪಿದ್ದನ್ನು ನಾಳೆ ತಿದ್ದಬಹುದು. ಹವ್ಯಾಸಿ ರಂಗಭೂಮಿಯಲ್ಲಿ ಸಿ.ಆರ್. ಸಿಂಹ ಇದ್ದರು. ತುಘಲಕ್ ಪಾತ್ರದಿಂದ ಹೆಸರಾದ ನಟ, ನಾಟಕ ಮಾಡಿಸುವವರೂ ಹೌದು. ಅವರ 'ಟಿಪಿಕಲ್ ಟಿ.ಪಿ. ಕೈಲಾಸಂ' ಒಬ್ಬರೇ ನಿಂತು ನಡೆಸಿಕೊಡುವ ನಾಟಕ. ಅದನ್ನು ಅವರು ಎಷ್ಟು ಸಲ ಆಡಿದರು, ಎಷ್ಟು ಊರಲ್ಲಿ ಆಡಿದರು ಎನ್ನುವುದನ್ನು ನೋಡಿದರೆ ಅದರ ಹಿಡಿತ ಎಲ್ಲಿಂದ ಬಂತು ಅಂತ ತಿಳಿಯುತ್ತೆ. ಅಂಥ ಅಭ್ಯಾಸ ಆದ ಮೇಲೆ ಎರಡೂ ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ನಿಮ್ಮ ಕಾಗದದಲ್ಲಿ ನೀವು ಬರೆಯದೇ ಬಿಟ್ಟ ಒಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಎಂಟು ವರ್ಷದಲ್ಲಿ ಎಷ್ಟು ನಾಟಕ, ಒಂದೊಂದನ್ನು ಎಷ್ಟು ಸಲ ಆಡಿದಿರಿ? ನನ್ನ ಅಂದಾಜು ಸರಿಯಿದ್ದರೆ, ವರ್ಷಕ್ಕೆ ಒಂದು ನಾಟಕ, ಒಂದೊಂದಕ್ಕೆ ಎರಡು ಪ್ರದರ್ಶನ. ಎರಡು ತಿಂಗಳು ರಾತ್ರಿ ಹತ್ತರವರೆಗೆ ರಿಹರ್ಸಲ್, ಒಂದು ಸಂಜೆ ಪ್ರದರ್ಶನ, ಶಾಲು ಹಾರ, ಫೋಟೋ. ಮಾರನೇ ದಿನ ಸೆಟ್ಟು ಒಡೆದು ಒಬ್ಬರ ಮನೆಯ ಅಟ್ಟಕ್ಕೆ. ನಮ್ಮ ಹವ್ಯಾಸಿ ತಂಡಗಳಲ್ಲಿ ಪ್ರತಿಭೆಗೆ ಕೊರತೆ ಇಲ್ಲ, ನಾನಂತೂ ಕಂಡಿಲ್ಲ. ಕೊರತೆ ಇರುವುದು ಪ್ರದರ್ಶನಗಳ ಲೆಕ್ಕದಲ್ಲಿ.

ಒಂದು ಸಲ ನಮ್ಮ ತಂಡದಲ್ಲಿ ಹಾಲಿನ ಡೇರಿ ಕಾರ್ಯದರ್ಶಿ ಒಬ್ಬರು ಸಾಹುಕಾರನ ಪಾತ್ರ ಮಾಡಿದರು. ಸಾಲ ವಸೂಲಿಗೆ ಬರುವ ದೃಶ್ಯ. ಅವರಿಗೆ ಕೋಪ ಅಂದರೆ ಕೂಗಾಟ. 'ಇಷ್ಟು ಕೂಗಬೇಡಿ' ಅಂತ ರಿಹರ್ಸಲ್‌ನಲ್ಲಿ ಎಷ್ಟು ಹೇಳಿದರೂ ಅಷ್ಟೇ. ತಲೆ ಆಡಿಸುತ್ತಿದ್ದರು, ಮತ್ತೆ ಕೂಗುತ್ತಿದ್ದರು. ಏಳು ಊರು ಹೀಗೇ ಆಯಿತು. ಎಂಟನೇ ಪ್ರದರ್ಶನ ಒಂದು ಹಳ್ಳಿಯ ದೇವಸ್ಥಾನದ ಮುಂದೆ. ಅವರು ಎಂಟ್ರಿ ತೆಗೆದುಕೊಂಡು ಬಾಯಿ ತೆರೆಯುವ ಹೊತ್ತಿಗೆ ಮುಂದೆ ಚಾಪೆ ಮೇಲೆ ಮಲಗಿದ್ದ ಕೂಸೊಂದು ಎದ್ದು ಅಳತೊಡಗಿತು. ಅವರು ಮಾತು ತಡೆದರು. ತಾಯಿ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುವವರೆಗೆ ಸುಮ್ನೆ ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು, ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ಆಮೇಲೆ ಬಹಳ ಮೆಲ್ಲಗೆ, 'ಎಷ್ಟಾಯ್ತು ಇವತ್ತಿಗೆ?' ಅಂದರು. ಇಡೀ ಅಂಗಳ ತಣ್ಣಗಾಯಿತು. ಸಾಲಗಾರನ ಪಾತ್ರದ ಹುಡುಗ ನಿಜವಾಗಿ ಹೆದರಿದ್ದು ನನಗೆ ಹಿಂದಿನಿಂದಲೇ ಕಾಣಿಸಿತು. ಅವತ್ತಿನಿಂದ ಅವರು ಆ ಪಾತ್ರದಲ್ಲಿ ಕೂಗಲಿಲ್ಲ. ನಾನು ಎರಡು ತಿಂಗಳು ಹೇಳಿ ಕಲಿಸಲಾಗದ್ದನ್ನು ಎಂಟನೇ ಊರಿನ ಒಂದು ಕೂಸು ಕಲಿಸಿತು. ಎರಡೇ ಪ್ರದರ್ಶನಕ್ಕೆ ನಿಲ್ಲಿಸಿದ್ದರೆ ಅವರು ಇವತ್ತಿಗೂ ಕೂಗುತ್ತಾ ಇರುತ್ತಿದ್ದರು.

ಅದಕ್ಕೇ ನನ್ನ ಮಾತು ಇಷ್ಟೇ: ಈ ವರ್ಷ ಒಂದೇ ನಾಟಕ ಮಾಡಿ, ಇಪ್ಪತ್ತು ಊರಲ್ಲಿ ಆಡಿ.

ಇದೇನು ನಾನು ಹೊಸದಾಗಿ ಕಂಡುಹಿಡಿದಿದ್ದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ತಿರುಗಾಟ ಶುರು ಮಾಡಿದ್ದು ಇದೇ ನಂಬಿಕೆಯಿಂದ. ನಾಟಕ ಸಿದ್ಧ ಮಾಡಿಕೊಂಡು ನಟರೂ ತಂತ್ರಜ್ಞರೂ ಒಟ್ಟಿಗೆ ಊರೂರು ಸುತ್ತುತ್ತಾರೆ. ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರದರ್ಶನ. ತಾವೇ ಸೆಟ್ಟು ಕಟ್ಟುತ್ತಾರೆ, ತಾವೇ ಬಿಚ್ಚುತ್ತಾರೆ, ಮೇಕಪ್ ಅಳಿಸಿ ವ್ಯಾನು ಹತ್ತುತ್ತಾರೆ. ನಿಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ 1997ರಿಂದ ಹೀಗೇ ಹೊರಡುತ್ತಿದೆ. ಅಲ್ಲಿ ಒಂದು ವರ್ಷ ತಿರುಗಿ ಬಂದ ನಟನನ್ನು ನೋಡಿ. ಅವನು ರಂಗಕ್ಕೆ ಬರುವ ರೀತಿಯೇ ಬೇರೆ ಇರುತ್ತೆ. ಕಾಲು ಗಟ್ಟಿಯಾಗಿ ನೆಲಕ್ಕೆ ಕೂತಿರುತ್ತೆ. ಮೈಕು ಕೈಕೊಟ್ಟರೂ ಮುಖ ಬಾಡುವುದಿಲ್ಲ.

ನಿಮ್ಮ ತಂಡಕ್ಕೆ ನೂರು ಆಗಲ್ಲ, ಎಲ್ಲರಿಗೂ ಕೆಲಸ ಇದೆ. ಇಪ್ಪತ್ತು ಆಗುತ್ತೆ. ವಾರಕ್ಕೆ ಒಂದು, ಶನಿವಾರ ಸಂಜೆ. ಕೊಯ್ಲು, ಮದುವೆ ಸೀಸನ್ನು, ಪರೀಕ್ಷೆ ಬಿಟ್ಟರೂ ವರ್ಷದಲ್ಲಿ ಅಷ್ಟು ಶನಿವಾರ ಸಿಗುತ್ತೆ. ಊರು ಎಲ್ಲಿಂದ ತರೋದು ಅಂತ ಕೇಳುತ್ತೀರಿ. ನೀವು ಮೇಷ್ಟ್ರು, ಅದೇ ನಿಮ್ಮ ಬಂಡವಾಳ. ಸುತ್ತಮುತ್ತಲಿನ ಹೈಸ್ಕೂಲುಗಳಲ್ಲಿ ನಿಮಗೆ ಪರಿಚಯ ಇದ್ದೇ ಇರುತ್ತೆ. ಹಳೇ ವಿದ್ಯಾರ್ಥಿಗಳ ಸಂಘ, ಗಣಪತಿ ಸಮಿತಿ, ರಾಜ್ಯೋತ್ಸವ ಮಾಡುವ ಯುವಕರು, ಜಾತ್ರೆ ಕಮಿಟಿ, ಕಾಲೇಜಿನ ಎನ್ನೆಸ್ಸೆಸ್ ಕ್ಯಾಂಪು, ಹೀಗೆ ಕೇಳುತ್ತಾ ಹೋಗಿ. ದುಡ್ಡು ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಗಾಡಿ ಬಾಡಿಗೆ, ಲೈಟಿನ ಬಾಡಿಗೆ, ಹತ್ತು ಜನರ ಊಟ, ಇಷ್ಟನ್ನು ಕೇಳಿಯೇ ಕೇಳಿ. ಪುಕ್ಕಟೆ ಆಡಿದ ನಾಟಕಕ್ಕೆ ಊರಿನವರು ಕುರ್ಚಿಯನ್ನೂ ಸರಿಯಾಗಿ ಹಾಕಿಸುವುದಿಲ್ಲ, ಇದು ನನ್ನ ಅನುಭವ.

ಇಪ್ಪತ್ತು ಊರು ಅಂತ ಮೊದಲೇ ತೀರ್ಮಾನ ಮಾಡಿದರೆ ನಾಟಕದ ಆಯ್ಕೆಯೂ ತಾನಾಗೇ ಬದಲಾಗುತ್ತೆ. ಎಂಟು ಜನಕ್ಕಿಂತ ಜಾಸ್ತಿ ಪಾತ್ರ ಇರಬಾರದು, ಒಬ್ಬರು ಬರದಿದ್ದರೆ ಇನ್ನೊಬ್ಬರು ನಿಲ್ಲಬೇಕು. ಸಾಮಾನು ಪೂರ್ತಿ ಒಂದು ಸಣ್ಣ ಗೂಡ್ಸ್ ಗಾಡಿಯಲ್ಲಿ ಹಿಡಿಸಬೇಕು. ಒಂದು ಬೆಂಚು, ಒಂದು ಪೆಟ್ಟಿಗೆ, ಒಂದು ಹಗ್ಗ ಇಷ್ಟರಲ್ಲೇ ಮನೆ, ಕಚೇರಿ, ತೋಟ ಎಲ್ಲ ಆಗಬೇಕು. ಎರಡು ಹ್ಯಾಲೋಜನ್‌ನಲ್ಲೂ ನಾಟಕ ನಡೆಯಬೇಕು. ಒಳ್ಳೆ ಲೈಟು ಸಿಕ್ಕಿದ ಕಡೆ ಹಾಕಿಕೊಳ್ಳಿ, ಆದರೆ ಅದನ್ನೇ ನಂಬಿ ದೃಶ್ಯ ಕಟ್ಟಬೇಡಿ.

ಹಕ್ಕಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಬಹಳ ತಂಡಗಳು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ನಮ್ಮ ದೇಶದ ಕಾನೂನಿನಂತೆ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಯ ಹಕ್ಕು ಅವರ ವಾರಸುದಾರರದು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ. ಹಾಗಾಗಿ ಅವರ ನಾಟಕಗಳಿಗೆ ಯಾರ ಅನುಮತಿಯೂ ಬೇಕಿಲ್ಲ. 1939ರಲ್ಲಿ ಹೋದ ಸಂಸರ ನಾಟಕಗಳಿಗೂ ಬೇಡ. ಶ್ರೀರಂಗರು 1984ರಲ್ಲಿ ತೀರಿಕೊಂಡವರು, ಲಂಕೇಶ್ 2000ದಲ್ಲಿ, ಕಾರ್ನಾಡರು 2019ರಲ್ಲಿ. ಇವರ ನಾಟಕ ಆಡಬೇಕಾದರೆ ಬರೆದು ಕೇಳಬೇಕು, ಪ್ರದರ್ಶನಕ್ಕೆ ಇಷ್ಟು ಅಂತ ಗೌರವಧನ ಕೊಡಬೇಕು. ಹಳ್ಳಿ ತಂಡ, ಯಾರು ಕೇಳುತ್ತಾರೆ ಅಂದುಕೊಳ್ಳಬೇಡಿ. ನಾಟಕಕಾರರಿಗೆ ಬರುವುದೇ ಅಷ್ಟು. ಕೈಲಾಸಂ ಬಗ್ಗೆ ಒಂದು ಎಚ್ಚರಿಕೆ. ಓದುವಾಗ ನಗು ಉಕ್ಕುತ್ತೆ. ಆದರೆ ಅವರ ಇಂಗ್ಲಿಷ್ ಬೆರೆತ ಹಳೇ ಮೈಸೂರಿನ ಮಾತಿನ ಓಟ ಬಯಲಲ್ಲಿ, ಎರಡು ಮೈಕಿನ ಮುಂದೆ, ಅರ್ಧಕ್ಕರ್ಧ ಹಾರಿಹೋಗುತ್ತೆ. ಒಳಾಂಗಣ ಸಿಗುವ ಕಡೆಗೆ ಮಾತ್ರ ಇಟ್ಟುಕೊಳ್ಳಿ.

ತರಬೇತಿ ಇಲ್ಲ ಅಂದಿರಿ. ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ನಿಮ್ಮ ಸೀಮೆಯಲ್ಲಿ ಇವತ್ತಿಗೂ ಊರೂರಲ್ಲಿ 'ಕುರುಕ್ಷೇತ್ರ' ಆಡುತ್ತಾರೆ, ಅಲ್ವಾ? ದುರ್ಯೋಧನನ ಪಾರ್ಟು ಬೇಕಾದವರು ತಾವೇ ದುಡ್ಡು ಕಟ್ಟಿ ಪಾರ್ಟು ತೆಗೆದುಕೊಳ್ಳುತ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಕಲಿಸುತ್ತಾರೆ. ನಮ್ಮ ಆಧುನಿಕ ನಾಟಕದವರಲ್ಲಿ ಹಲವರು ಇದನ್ನು ಹಗುರವಾಗಿ ನೋಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಒಮ್ಮೆ ಹೋಗಿ ಆ ಮೇಷ್ಟ್ರ ಪಕ್ಕ ಕೂತು ನೋಡಿ. ಹಗಲೆಲ್ಲ ತೆಂಗಿನಕಾಯಿ ಸುಲಿದು ಬಂದವನಿಗೆ ಕಂದಪದ್ಯ ಹೇಳಿಕೊಡುತ್ತಾರೆ. ಅವನ ಕಂಠಕ್ಕೆ ಯಾವ ಶ್ರುತಿ ಒಗ್ಗುತ್ತೆ ಅಂತ ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಗದೆ ಯಾವ ಹೆಗಲಿಗೆ ಬರಬೇಕು, ಮಾತು ಮರೆತರೆ ಹಾರ್ಮೋನಿಯಂನಲ್ಲಿ ಹೇಗೆ ಕಾಪಾಡಬೇಕು, ಎಲ್ಲ ಅವರ ಬೆರಳಲ್ಲಿದೆ. ಅಭ್ಯಾಸವೇ ಇಲ್ಲದ ಮನುಷ್ಯನಿಂದ ನಟನೆ ತೆಗೆಸುವುದು ಅಂದರೆ ಇದೇ. ನಿಮ್ಮ ತಂಡದವರೂ ಹಗಲು ಬೇರೆ ಕೆಲಸ ಮಾಡಿ ಬರುವವರೇ. ನಿಮಗೆ ಮೊದಲ ಗುರು ಆ ಮೇಷ್ಟ್ರು.

ಬಿ.ವಿ. ಕಾರಂತರೂ ಹುಡುಗರಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು. ಆಮೇಲೆ ಕಾಶಿಯಲ್ಲಿ ಓದಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ 1962ರವರೆಗೆ ಕಲಿತರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ 'ಜೋಕುಮಾರಸ್ವಾಮಿ' ಮಾಡಿಸಿದಾಗ ಜನ ಹಾಡು ಗುನುಗುತ್ತಾ ಮನೆಗೆ ಹೋದರು. ಆ ಹಾಡಿನ ಕಿವಿ ಅವರಿಗೆ ದೆಹಲಿಯಿಂದ ಬಂದದ್ದಲ್ಲ, ಕಂಪನಿಯಿಂದ ಬಂದದ್ದು ಅಂತಲೇ ನಾನು ನಂಬಿದ್ದೇನೆ.

ಹಾಗಂತ ಶಾಲೆ ಬೇಡ ಅನ್ನುತ್ತಿಲ್ಲ. ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಮೈಸೂರಿನ ರಂಗಾಯಣ, ಸಾಣೇಹಳ್ಳಿ, ಬೆಂಗಳೂರಿನಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ, ಇಲ್ಲೆಲ್ಲ ವರ್ಷದ ಕೋರ್ಸ್ ಇದೆ. ಹೋಗುವ ಮನಸ್ಸಿದ್ದರೆ ಈ ನಾಟಕದ ಇಪ್ಪತ್ತು ಪ್ರದರ್ಶನ ಮುಗಿದ ಮೇಲೆ ಹೋಗಿ. ಆಗ ನಿಮ್ಮ ಹತ್ತಿರ ನಿಮ್ಮದೇ ಪ್ರಶ್ನೆಗಳಿರುತ್ತವೆ. ಮೂರನೇ ದೃಶ್ಯ ಯಾಕೆ ಪ್ರತಿ ಊರಲ್ಲೂ ಸೋತಿತು, ಹಿಂದಿನ ಸಾಲಿಗೆ ಯಾಕೆ ಕೇಳಿಸಲಿಲ್ಲ, ಇಂಥವು. ಪ್ರಶ್ನೆ ಹಿಡಿದುಕೊಂಡು ಬಂದ ವಿದ್ಯಾರ್ಥಿಗೆ ಒಂದು ವರ್ಷ ಸಾಲುವುದಿಲ್ಲ. ಸುಮ್ನೆ ಬಂದವನಿಗೆ ಆರು ತಿಂಗಳಿಗೇ ಬೇಜಾರು. ಅಲ್ಲಿಯವರೆಗೆ ನಾಟಕ ನೋಡಿ. ತಿಪಟೂರಿನಿಂದ ಬೆಂಗಳೂರಿಗೆ ರೈಲಿದೆ. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ಹೆಚ್ಚುಕಡಿಮೆ ದಿನಾ ನಾಟಕ ನಡೆಯುತ್ತಿದೆ, ಶನಿವಾರ ಭಾನುವಾರ ಮಧ್ಯಾಹ್ನವೂ ಇರುವುದುಂಟು. ಐದು ನಿಮಿಷ ಮೊದಲೇ ಹೋಗಿ. ಹೊತ್ತು ಮೀರಿದರೆ ಎಂಥವರಿಗೂ ಬಾಗಿಲು ತೆಗೆಯುವುದಿಲ್ಲ. ಆ ಶಿಸ್ತನ್ನು ನಿಮ್ಮ ರಿಹರ್ಸಲ್‌ಗೂ ತನ್ನಿ.

ಕೆಲಸ ಬಿಡಬೇಡಿ. ಇದನ್ನು ಖಡಾಖಂಡಿತ ಹೇಳುತ್ತೇನೆ. ಟಿಕೆಟ್ ದುಡ್ಡಿನಿಂದ ಮನೆ ನಡೆಸುವ ಹವ್ಯಾಸಿ ನಿರ್ದೇಶಕರನ್ನು ನಾನು ನೋಡಿಲ್ಲ. ಬೆಂಗಳೂರಿಗೆ ಹೋದ ನನ್ನ ಗೆಳೆಯರಲ್ಲಿ ಕೆಲವರು ಧಾರಾವಾಹಿಯಲ್ಲಿ ದುಡಿಯುತ್ತಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಬೆಳಿಗ್ಗೆ ಏಳಕ್ಕೆ ಶೂಟಿಂಗ್‌ಗೆ ಹೊರಟವರು ರಾತ್ರಿ ರಿಹರ್ಸಲ್‌ಗೆ ಬರುವುದು ಕಷ್ಟ. ರಂಗಭೂಮಿಗಾಗಿ ಹೋದವರು ರಂಗಭೂಮಿಯಿಂದಲೇ ದೂರವಾದದ್ದು ನೋಡಿ ನನಗೆ ಸಂಕಟ ಆಗಿದೆ. ಊರಲ್ಲಿ ಇದ್ದರೆ ಸ್ವಲ್ಪ ಆದಾಯದ ದಾರಿಯೂ ಇದೆ. ಬೇಸಿಗೆ ಶಿಬಿರ ನಡೆಸಿ. ಮೈಸೂರಿನ ರಂಗಾಯಣದ ಚಿಣ್ಣರ ಮೇಳವನ್ನು ಒಮ್ಮೆ ಹೋಗಿ ನೋಡಿ ಬನ್ನಿ, ಮಕ್ಕಳನ್ನು ಹೇಗೆ ಬಿಡಬೇಕು, ಎಲ್ಲಿ ಹಿಡಿಯಬೇಕು ಅಂತ ತಿಳಿಯುತ್ತೆ. ಬೇರೆ ಶಾಲೆಗಳ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸಿ, ಸಂಕೋಚ ಇಲ್ಲದೆ ಸಂಭಾವನೆ ಹೇಳಿ.

ಊರಲ್ಲೇ ಇದ್ದು ಏನಾದರೂ ಮಾಡಬಹುದಾ ಅಂತ ಕೇಳಿದಿರಿ. ಕೆ.ವಿ. ಸುಬ್ಬಣ್ಣ ಮೈಸೂರಲ್ಲಿ ಓದಿ ಹೆಗ್ಗೋಡಿಗೆ ವಾಪಸ್ ಬಂದವರು. ಅಡಿಕೆ ತೋಟ ನೋಡಿಕೊಂಡೇ ತಂಡ ನಡೆಸಿದರು. ನೀನಾಸಂ ಶುರುವಾದದ್ದು 1949ರಲ್ಲಿ, ನಿಮ್ಮದರ ಥರವೇ ಒಂದು ಊರಿನ ಹವ್ಯಾಸಿ ತಂಡವಾಗಿ. ಅವರಿಗೆ ಸ್ವಂತ ರಂಗಮಂದಿರ ಆದದ್ದು 1972ರಲ್ಲಿ. ನಡುವೆ 23 ವರ್ಷ. ರಂಗಶಿಕ್ಷಣ ಕೇಂದ್ರ ಶುರುವಾಗೋಕೆ 31 ವರ್ಷ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ, ಅಷ್ಟೊತ್ತಿಗೆ ತಂಡಕ್ಕೆ 42 ವರ್ಷ. ಈ ಲೆಕ್ಕ ಹೇಳಿದ್ದು ಹೆದರಿಸೋಕಲ್ಲ. ಎಂಟು ವರ್ಷ ಆಯಿತು ಅಂತ ಬೇಜಾರಿನಲ್ಲಿ ಬರೆದಂತಿತ್ತು, ಅದಕ್ಕೆ ಹೇಳಿದೆ.

ಕೊನೆಗೆ, ನೀವು ಕೇಳದ ಒಂದು ಮಾತು. ನಿಮ್ಮ ಕಾಗದದಲ್ಲಿ ತಂಡದ ಹೆಣ್ಣುಮಕ್ಕಳ ಸುದ್ದಿಯೇ ಇಲ್ಲ. ಬರುತ್ತಾರಾ, ಎಷ್ಟು ಜನ? 'ನಮ್ಮಲ್ಲಿ ಹೆಣ್ಣು ಪಾತ್ರಕ್ಕೆ ಯಾರೂ ಸಿಗೋದಿಲ್ಲ' ಅನ್ನುವ ತಂಡಗಳನ್ನು ಬಹಳ ನೋಡಿದ್ದೇನೆ. ಆರ್. ನಾಗರತ್ನಮ್ಮ 1958ರಲ್ಲೇ ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿದರು. ಕಂಸ, ದುರ್ಯೋಧನ ಎಲ್ಲ ಅವರೇ ಆಡಿದರು. 'ಒಡಲಾಳ'ದ ಸಾಕವ್ವನಾಗಿ ಉಮಾಶ್ರೀ ನಿಂತಾಗ ಹವ್ಯಾಸಿ ರಂಗಭೂಮಿಗೆ ಎಂಥ ನಟಿ ಸಿಕ್ಕರು ಅಂತ ನೋಡಿದ್ದೇವೆ. ಸಿಗುವುದಿಲ್ಲ ಅನ್ನುವುದಕ್ಕಿಂತ, ಬರುವಂತೆ ನಾವು ಇಟ್ಟಿದ್ದೇವಾ ಅಂತ ನೋಡಬೇಕು. ರಿಹರ್ಸಲ್ ರಾತ್ರಿ ಎಂಟಕ್ಕೆ ಶುರು ಮಾಡಿದರೆ ಯಾರು ಬರುತ್ತಾರೆ? ಸಂಜೆ ಐದೂವರೆಗೆ ಶುರು ಮಾಡಿ, ಏಳೂವರೆಗೆ ನಿಲ್ಲಿಸಿ. ಹೆಣ್ಣುಮಕ್ಕಳ ದೃಶ್ಯಗಳನ್ನು ಮೊದಲು ತೆಗೆದುಕೊಳ್ಳಿ. ಬಟ್ಟೆ ಬದಲಿಸಲು ಚಿಲಕ ಇರುವ ಒಂದು ಕೋಣೆ, ಬಳಸಬಹುದಾದ ಒಂದು ಶೌಚಾಲಯ, ಇದನ್ನು ಪ್ರದರ್ಶನ ಒಪ್ಪಿಕೊಳ್ಳುವಾಗಲೇ ಸಂಘಟಕರಿಗೆ ಹೇಳಿ. ವ್ಯಾನಿನಲ್ಲಿ ವಾಪಸ್ ಬರುವಾಗ ಮೊದಲು ಅವರನ್ನು ಮನೆ ಬಾಗಿಲಿಗೆ ಬಿಡಿ, ಸೆಟ್ಟಿನ ಸಾಮಾನು ಆಮೇಲೆ ಇಳಿಸಬಹುದು. ನಮ್ಮ ತಂಡದಲ್ಲಿ ಇಷ್ಟು ಮಾಡಿದ ಮೇಲೆ ಮೊದಲ ವರ್ಷ ಇಬ್ಬರು ಬಂದರು, ಮೂರನೇ ವರ್ಷಕ್ಕೆ ಏಳು ಜನ ಆದರು. ಅವರಲ್ಲಿ ಒಬ್ಬರು ಈಗ ನಾಟಕ ಮಾಡಿಸುತ್ತಿದ್ದಾರೆ. ಕಳೆದ ನಾಟಕದಲ್ಲಿ ನಾನು ಅವರ ಕೈಕೆಳಗೆ ಒಂದು ಸಣ್ಣ ಪಾರ್ಟು ಮಾಡಿದೆ, ಹದಿನೈದನೇ ಸಾಲಿನಿಂದ ಅವರು ನೋಡುತ್ತಿದ್ದರು.